ಪಂಪಿನ ಸಾಹೇಬನ ಪೀಪಾಯಿ, ಖತೀಜಮ್ಮನ ಭರಣಿ

ಮಡಕೆಯನ್ನು ಕೊಳ್ಳುವವನು ಬಡಿದು ನೋಡಿ ಕೊಳ್ಳಬೇಕು ಎಂದು ಹಿರಿಯರು ಹೇಳುತ್ತಾರೆ. ಕಟಪಾಡಿಯ ಉಗ್ಗಪ್ಪ ಪೂಜಾರಿ ಮಾತ್ರ ಕೊಳ್ಳದ ಮಡಕೆಯನ್ನೂ ಬಡಿದು ನೋಡುವವನು. ಯಾರ ಕೋಣೆಗೇ ಹೋಗಲಿ, ಕೂರುವ ಮೊದಲು ಅಲ್ಲಿದ್ದ ಪಾತ್ರೆಗೆ ಬೆರಳ ಗೆಣ್ಣಿನಿಂದ ಒಂದು ಟಕ್, ಆಮೇಲೆ ಕಿವಿ ಹತ್ತಿರ ತಂದು ಕೇಳುವುದು. ಹಂಡೆಯಾದರೂ ಸರಿ, ಡ್ರಮ್ಮಾದರೂ ಸರಿ, ತಾರಸಿಯ ಮೇಲಿನ ನೀರಿನ ಟ್ಯಾಂಕಿಯಾದರೂ ಸರಿ.

"ಎಂತ ಹೇಳ್ತದೆ ಉಗ್ಗಪ್ಪಣ್ಣ?" ಎಂದು ಜೊತೆಯವರು ಛೇಡಿಸುವರು.

"ಒಳಗೆ ಎಷ್ಟುಂಟು, ಎಂತ ಉಂಟು ಅಂತ ಹೇಳ್ತದೆ. ನಿನ್ನ ತಲೆಗೆ ಬಡಿದ್ರೆ ಮಾತ್ರ ಎಂತದೂ ಗೊತ್ತಾಗುದಿಲ್ಲ ನೋಡು."

ಅವನ ತಂದೆ ಬಾಡ ಪೂಜಾರಿ ತಾಳೆಮರ ಹತ್ತಿ ಕಳ್ಳು ಇಳಿಸುವ ಮೂರ್ತೆದಾರ. ತಾಯಿ ಆ ರಸವನ್ನು ಕಾಸಿ ಓಲೆಬೆಲ್ಲ ಮಾಡುವಳು. ಬೆಲ್ಲ ಕೊಳ್ಳಲು ಉಳ್ಳಾಲದಿಂದ ಬಸ್ಸು ಹತ್ತಿ ಬರುತ್ತಿದ್ದವರು ಮೂಸಬ್ಬ. ತೂಕದಲ್ಲಿ ಒಂದು ಚೂರೂ ಹೆಚ್ಚುಕಡಿಮೆ ಮಾಡದ ಮನುಷ್ಯ. ಬೆಲ್ಲದ ವ್ಯಾಪಾರ ಕುಸಿದ ಮೇಲೆ ಈ ಮೂಸಬ್ಬ ಸೌದಿಗೆ ಹೋಗಿ, ರಿಯಾದಿನ ಬತ್ಹಾದ ಗಲ್ಲಿಯೊಂದರಲ್ಲಿ ಪಾತ್ರೆ ಅಂಗಡಿ ನೋಡಿಕೊಳ್ಳತೊಡಗಿದರು. ಎಂಬತ್ತರ ದಶಕ ಆಗ ತಾನೇ ಕಣ್ಣು ಬಿಟ್ಟಿತ್ತು. ಊರಿಗೆ ಬಂದಾಗ ಬಾಡ ಪೂಜಾರಿಯ ಅಂಗಳದಲ್ಲಿ ಕೂತು ಅವರು ಕೇಳಿದ್ದು ಒಂದೇ ಮಾತು: "ನಿನ್ನ ಮಗ ಪೈಪಿನ ಕೆಲಸ ಕಲಿತಿದ್ದಾನಂತೆ. ಕಳಿಸ್ತೀಯಾ?"

ಹೀಗೆ ಬಂದವನು ಉಗ್ಗಪ್ಪ. ಮೂಸಬ್ಬನಿಗೂ ಅವನಿಗೂ ಕಫೀಲ್, ಎಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಅರಬ, ಒಬ್ಬನೇ, ಅಬ್ದುಲ್ ರಹ್ಮಾನ್. ಅಂಗಡಿಯ ಪರವಾನಗಿಯೂ ಅವನ ಹೆಸರಿನಲ್ಲಿ, ಊರ ಹೊರಗಿನ ಬಿಳಿಯರ ಕಾಂಪೌಂಡಿಗೆ ನಲ್ಲಿ, ಪೈಪು ನೋಡುವ ಜನ ಕಳಿಸುವ ಗುತ್ತಿಗೆಯೂ ಅವನದೇ. ಉಗ್ಗಪ್ಪನ ಕೆಲಸ, ವಾಸ ಎರಡೂ ಆ ಕಾಂಪೌಂಡಿನಲ್ಲೇ. ಪ್ರತಿ ವರ್ಷ ಆ ದೇಶದಲ್ಲಿ ಇರಲು ಬೇಕಾದ ಇಕಾಮಾ ಪತ್ರ ಹೊಸದು ಮಾಡಿಸುವಾಗ ಅವನು ಮೂಸಬ್ಬನನ್ನು ಕರೆಸಿ, ಉಗ್ಗಪ್ಪನ ಕಡೆ ಗದ್ದ ತೋರಿಸಿ ಕೇಳುವನು: "ಈ ಮನುಷ್ಯನಿಗೆ ನೀನು ಹೊಣೆಯಾ?" ಮೂಸಬ್ಬ ಎದೆಯ ಮೇಲೆ ಅಂಗೈಯಿಟ್ಟು "ಹೊಣೆ" ಎನ್ನುವರು. ಅಷ್ಟೇ. ಆ ಒಂದು ಮಾತಿನ ಮೇಲೆ ಉಗ್ಗಪ್ಪನ ವರ್ಷ ನಿಲ್ಲುತ್ತಿತ್ತು. ಅವನು ಎಲ್ಲಾದರೂ ಜಾರಿದರೆ ಅವನೊಬ್ಬನೇ ಬೀಳುವುದಿಲ್ಲ. ಮೂಸಬ್ಬನ ಅಂಗಡಿಯೂ, ಅಷ್ಟು ವರ್ಷದ ಹೆಸರೂ ಜೊತೆಗೆ ಬೀಳುತ್ತವೆ. ಇದು ಇಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಾಂಪೌಂಡಿನಲ್ಲಿ ಒಬ್ಬ ಸಾಹೇಬನಿದ್ದ. ವೇಲ್ಸ್ ಎಂಬ ಮಳೆಯ ಸೀಮೆಯವನು, ನೀರಿನ ಪಂಪುಗಳ ಇಂಜಿನಿಯರು. ಹೆಸರು ಹೇಳಲು ನಾಲಿಗೆ ಹೊರಳದೆ ನಮ್ಮವರೆಲ್ಲ ಅವನನ್ನು ಪಂಪಿನ ಸಾಹೇಬ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವನ ಸ್ನಾನದ ಕೋಣೆಯ ನೀರು ಹೋಗುವುದಿಲ್ಲವೆಂದು ಉಗ್ಗಪ್ಪನಿಗೆ ಕರೆ ಬಂತು. ಹೋಗಿ ನೋಡಿದರೆ ಟಬ್ಬಿನಲ್ಲಿ ಕಸದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೀಪಾಯಿ ಕೂತಿದೆ, ಮುಚ್ಚಳ ಚಾವಣಿಗೆ ಹಾರಿ ಕೆಳಗೆ ಬಿದ್ದಿದೆ, ಗೋಡೆಯ ತುಂಬ ಕಂದು ನೊರೆ, ನೀರಿನ ಜಾಲರಿಯಲ್ಲಿ ಕೆಸರಿನಂಥ ಗಷ್ಟು. ವಾಸನೆ ಮೂಗಿಗೆ ಬಡಿದದ್ದೇ ಉಗ್ಗಪ್ಪ ನಿಂತಲ್ಲೇ ನಿಂತ. ಅಪ್ಪ ಮರದಿಂದ ಇಳಿದು ಬಂದು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಬರುತ್ತಿದ್ದ ವಾಸನೆಯ ದಾಯಾದಿಯದು.

ಸಾಹೇಬ ಬೆರಳನ್ನು ತುಟಿಯ ಮೇಲಿಟ್ಟು ಕಣ್ಣು ಮಿಟುಕಿಸಿದ. ಆ ದೇಶದಲ್ಲಿ ಮದ್ಯ ನಿಷಿದ್ಧ. ಕಾಂಪೌಂಡಿನ ಗೋಡೆಯ ಒಳಗೆ ಬಿಳಿಯರು ಅಂಗಡಿಯಲ್ಲಿ ಸಿಗುವ ಮಾಲ್ಟಿನ ರಸಕ್ಕೆ ಸಕ್ಕರೆ, ಬ್ರೆಡ್ಡಿನ ಯೀಸ್ಟು ಸೇರಿಸಿ ಬಿಯರು ಮಾಡಿಕೊಳ್ಳುತ್ತಾರೆಂಬುದು ಗುಟ್ಟಾದರೂ ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಉಗ್ಗಪ್ಪ ಕುಡಿಯುವವನಲ್ಲ. ಬಾಡ ಪೂಜಾರಿಯೂ ಕುಡಿದವನಲ್ಲ. ಮಾರುವವನು ಕುಡಿದರೆ ಮರ ಮುನಿಯುತ್ತದೆ ಎಂಬುದು ಅವನ ಮಾತು. ಉಗ್ಗಪ್ಪನನ್ನು ಹಿಡಿದದ್ದು ಬೇರೆಯೇ ಒಂದು. ಪೀಪಾಯಿಯ ತಳದಲ್ಲಿ ಉಳಿದ ಒಂದಿಷ್ಟು ರಸ ಇನ್ನೂ ಸಣ್ಣಗೆ ಕುದಿಯುತ್ತಿತ್ತು. ಒಲೆಯಿಲ್ಲ, ಬೆಂಕಿಯಿಲ್ಲ. ಅವನು ಬಗ್ಗಿ ಕಿವಿಕೊಟ್ಟ. ಒಣ ಎಲೆಯ ಮೇಲೆ ಇರುವೆ ಸಾಲು ಹೋದಂತೆ ಒಂದು ಸದ್ದು.

"ಕುದಿಸುವವರು ಯಾರು ಇದನ್ನು?" ಎಂದು ತನ್ನಷ್ಟಕ್ಕೇ ಕೇಳಿದ.

ಸಾಹೇಬನಿಗೆ ಅರ್ಥವಾಗಲಿಲ್ಲ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ತನ್ನ ಸಂಕಟ ತೋಡಿಕೊಂಡ. ಮುಚ್ಚಳ ಬಿಗಿ ಮಾಡಿದರೆ ಗಾಳಿ ತುಂಬಿ ಹಾರುತ್ತದೆ, ಸಡಿಲ ಬಿಟ್ಟರೆ ಹುಳಿಯಾಗುತ್ತದೆ. ಬೇರೆ ಪಾತ್ರೆ ಬೇಕು. ನೀನು ಶುಕ್ರವಾರ ಬತ್ಹಾಕ್ಕೆ ಹೋಗುವವನಲ್ಲವೇ, ತಂದುಕೊಡು.

ಮುಚ್ಚಳದ ವಿಷಯ ಉಗ್ಗಪ್ಪನಿಗೆ ಅಲ್ಲೇ ಹೊಳೆಯಿತು. ಪೈಪಿನ ಮನುಷ್ಯನಲ್ಲವೇ! ಮುಚ್ಚಳಕ್ಕೆ ತೂತು ಕೊರೆದು ಸಣ್ಣ ರಬ್ಬರ್ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿದ. ಒಳಗಿನ ಗಾಳಿ ಗುಳುಕ್ ಎಂದು ಹೊರಗೆ ಬರಬಹುದು, ಹೊರಗಿನದು ಒಳಗೆ ಹೋಗುವ ಹಾಗಿಲ್ಲ. ಸಾಹೇಬ ನಕ್ಕು ಅವನ ಬೆನ್ನು ತಟ್ಟಿದ. ತಮ್ಮ ಊರಿನಲ್ಲಿ ಇದು ಅಂಗಡಿಯಲ್ಲೇ ಸಿಗುತ್ತದಂತೆ. ಹಳೆಯ ಪೀಪಾಯಿಗೆ ಆಗಲೇ ಹುಳಿ ವಾಸನೆ ಹಿಡಿದಿದ್ದರಿಂದ ಪಾತ್ರೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಬತ್ಹಾದಲ್ಲಿ ಶುಕ್ರವಾರವೆಂದರೆ ಜನ ಜನರನ್ನು ತಳ್ಳಿಕೊಂಡೇ ನಡೆಯುವ ದಿನ. ಮೂಸಬ್ಬನ ಅಂಗಡಿಯ ಮುಂದೆ ಬಕೆಟ್ಟು, ತಟ್ಟೆ, ಕೆಟಲುಗಳು ದಾರದಲ್ಲಿ ತೂಗುತ್ತಿದ್ದವು. ಉಗ್ಗಪ್ಪ ಒಂದೊಂದಕ್ಕೂ ಟಕ್ ಎನಿಸುತ್ತ ಒಳಗೆ ಬಂದ.

"ಬಾಗಿಲು ಬಡಿಯುವವನು ಒಳಗೆ ಬಂದ ಮೇಲೆ ಬಡಿಯುದು ನಿಲ್ಲಿಸ್ಬೇಕು," ಎಂದರು ಮೂಸಬ್ಬ, ಕನ್ನಡಕದ ಮೇಲಿಂದ ನೋಡುತ್ತ. "ಚಾ ಕುಡಿ. ಎಂತ ಬೇಕು?"

"ದೊಡ್ಡ ಪಾತ್ರೆ ಬೇಕಿತ್ತು ಮೂಸಾಕ. ಒಂದು ಕೊಡ ನೀರು ಹಿಡಿಯುವಂಥದ್ದು. ಹುಳಿ ತಾಗಿದ್ರೆ ಹಾಳಾಗ್ಬಾರದು."

"ಎಂತಕ್ಕೆ?"

ಅಂಗಡಿಯವರೆಲ್ಲ ಕೇಳುವ ಪ್ರಶ್ನೆಯೇ ಅದು. ಉಗ್ಗಪ್ಪ ಅದನ್ನು ಯೋಚಿಸಿಯೇ ಇರಲಿಲ್ಲ. ಬಾಯಿ ತಾನಾಗಿ ಹೇಳಿತು:

"ಉಪ್ಪಿನಕಾಯಿಗೆ."

"ಒಂದು ಕೊಡವಾ? ನೀನು ಮದುವೆ ಆಗ್ತಿಯಾ, ಇಲ್ಲ ಉಪ್ಪಿನಕಾಯಿಯಲ್ಲಿ ಸ್ನಾನ ಮಾಡ್ತಿಯಾ?"

"ಕಾಂಪೌಂಡಿನಲ್ಲಿ ನಮ್ಮವರು ತುಂಬ ಇದ್ದಾರಲ್ಲ ಮೂಸಾಕ. ಎಲ್ಲರಿಗೂ ಆಗ್ಲಿ ಅಂತ."

ಮೂಸಬ್ಬನ ಮುಖ ಅರಳಿತು. ಬಾಡ ಪೂಜಾರಿಯ ಮಗ ಇನ್ನೊಬ್ಬರ ಊಟದ ಬಗ್ಗೆ ಯೋಚಿಸುತ್ತಾನೆ! ಎದ್ದು ನಿಂತು ಅಂಗಡಿಯ ಒಂದೊಂದು ಪಾತ್ರೆಯ ಜಾತಕವನ್ನೇ ಹೇಳಿದರು. "ಅಲ್ಯೂಮಿನಿಯಂ ಮುಟ್ಬೇಡ. ಹುಳಿ ಅದನ್ನು ನೆಕ್ಕಿ ನೆಕ್ಕಿ ತಿಂತದೆ, ಬಾಯಿಗೆ ನಾಣ್ಯ ಹಾಕಿದ ಹಾಗೆ ಆಗ್ತದೆ. ತಾಮ್ರಕ್ಕೆ ಕಲಾಯಿ ಇಲ್ಲದಿದ್ರೆ ವಿಷ. ಪ್ಲಾಸ್ಟಿಕ್ ಅಂದ್ರೆ ಅತ್ತೆಯ ಹಾಗೆ, ಒಮ್ಮೆ ಆದದ್ದನ್ನು ಮರೆಯುದೇ ಇಲ್ಲ. ನಿನ್ನೆ ಹಾಕಿದ್ದರ ವಾಸನೆ ನಾಳೆಗೂ ಉಂಟು."

ಉಗ್ಗಪ್ಪ ಬಾಯಿ ತೆರೆದುಕೊಂಡು ಕೇಳಿದ. ಮುದುಕ ಹೇಳುತ್ತಿದ್ದುದು ಉಪ್ಪಿನಕಾಯಿಯ ಮಾತು, ಇವನ ಕಿವಿಗೆ ಬೀಳುತ್ತಿದ್ದುದು ಬಿಯರಿನ ಮಾತು. ಎರಡೂ ಒಂದೇ ಆಗಿದ್ದವು! ಅದೇ ಅವನಿಗೆ ಸೋಜಿಗ. ಸುಳ್ಳು ಹೇಳಿದೆನೆಂಬುದು ಆ ಸೋಜಿಗದ ಕೆಳಗೆ ಎಲ್ಲೋ ಅಡಗಿಹೋಯಿತು.

ಆ ದಿನ ಆಲಿವ್ ಕಾಯಿ ಬಂದಿದ್ದ ನೀಲಿ ಪೀಪಾಯಿಯೊಂದನ್ನು ಅಗ್ಗಕ್ಕೆ ಒಯ್ದ. ಮೂಸಬ್ಬ ಬೇಡವೆಂದರೂ ಕೇಳಲಿಲ್ಲ. ಬಿಸಿನೀರು, ಸೋಡಾಪುಡಿ, ಲಿಂಬೆಸಿಪ್ಪೆ ಎಲ್ಲ ಹಾಕಿ ತಿಕ್ಕಿದ. ಬಿಯರು ಆದ ಮೇಲೆ ಸಾಹೇಬ ಒಂದು ಗುಟುಕು ಕುಡಿದು ಮುಖ ಹಿಂಡಿದ. ಆಲಿವ್ ತೋಟದಲ್ಲಿ ಮಲಗಿದ ಹಾಗಿದೆ ಎಂದ. ಆಮೇಲೆ ಸಾಹೇಬನೇ ಹಟ ಹಿಡಿದು ಕ್ಯಾಂಟೀನಿನ ಅಲ್ಯೂಮಿನಿಯಂ ಹಂಡೆ ತರಿಸಿದ. ಹಂಡೆಯ ಒಳಗೆಲ್ಲ ಕಪ್ಪು ಕಲೆ ಎದ್ದಿತು, ರುಚಿ ಮೂಸಬ್ಬ ಹೇಳಿದಂತೆಯೇ, ಬಾಯಿಗೆ ನಾಣ್ಯ ಹಾಕಿದ ಹಾಗೆ.

ಮುಂದಿನ ಸಲ ಉಗ್ಗಪ್ಪ ಎದೆಯುಬ್ಬಿಸಿ ಹೇಳಿದ: "ಈಗ ನನ್ನ ಅಪ್ಪನ ಪಾತ್ರೆ ನೋಡುವ."

ಬತ್ಹಾದಿಂದ ಅರಬರು ನೀರು ತಣ್ಣಗಿಡುವ ದೊಡ್ಡ ಮಣ್ಣಿನ ಹೂಜಿ ತಂದ. ಕಟ್ಟಡದ ಕೆಲಸದವರಲ್ಲಿ ಸುಣ್ಣ ಕೇಳಿ ತಂದು, ಒಳಗೆಲ್ಲ ಧಾರಾಳವಾಗಿ ಬಳಿದ. ಮರಕ್ಕೆ ಕಟ್ಟುವ ಮಡಕೆಗೆ ಅಪ್ಪ ಸುಣ್ಣ ಬಳಿಯುವುದನ್ನು ಅವನು ಹುಟ್ಟಿದಾರಭ್ಯ ನೋಡಿದ್ದ. ತೋರುಬೆರಳನ್ನು ಒಳಗೆ ಸುತ್ತಿಸಿ ಒಂದು ಸುತ್ತು, ಎರಡು ಸುತ್ತು. ಅದು ಮರಕ್ಕೆ ಮಾಡುವ ಮರ್ಯಾದೆಯೆಂದೇ ಅವನು ತಿಳಿದಿದ್ದ. ಸಾಹೇಬ ಯಾಕೆಂದು ಕೇಳಿದ. "ಪದ್ಧತಿ," ಎಂದ ಉಗ್ಗಪ್ಪ.

ರಸ ಹೊಯ್ದರು. ನಳಿಗೆ ಸಿಕ್ಕಿಸಿದರು. ಗುಳುಕ್ ಇಲ್ಲ. ಮರುದಿನವೂ ಇಲ್ಲ. ಉಗ್ಗಪ್ಪ ಹೋಗಿ ಬಡಿದ, ಕಿವಿ ಕೊಟ್ಟ, ಮತ್ತೆ ಬಡಿದ. ಹೂಜಿ ಹೊರಗೆ ಬೆವರುತ್ತಿತ್ತು, ಒಳಗೆ ಸತ್ತಂತೆ ಮಲಗಿತ್ತು. ಕೊನೆಗೆ ಸಾಹೇಬ ತೆಗೆದು ನೆಕ್ಕಿ ನೋಡಿದರೆ ಹೊಯ್ದಾಗ ಎಷ್ಟು ಸಿಹಿಯಿತ್ತೋ ಅಷ್ಟೇ ಸಿಹಿ. ಸುಣ್ಣದ ಒಗರು ಬೇರೆ. ಸಾಹೇಬ ಹೊಟ್ಟೆ ಹಿಡಿದು ನಕ್ಕ. ಯೀಸ್ಟಿಗೆ ಸುಣ್ಣ ಕುಡಿಸಿದರೆ ಅದು ಬದುಕೀತೇ ಎಂದ.

ಉಗ್ಗಪ್ಪ ನಗಲಿಲ್ಲ. ತನ್ನ ಕೋಣೆಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. ಆಗ ತಿಳಿಯಿತು ನೋಡಿ. ಸುಣ್ಣ ಬಳಿಯುತ್ತಿದ್ದುದು ರಸ ಹುಳಿಯಾಗದೆ ಸಿಹಿಯಾಗಿಯೇ ಉಳಿಯಲೆಂದು! ಆ ಮಡಕೆಗಳು ಮರದಿಂದ ನೇರ ಅಮ್ಮನ ಬೆಲ್ಲದ ಒಲೆಗೆ ಬರುತ್ತಿದ್ದವು. ಸುಣ್ಣವಿಲ್ಲದ ಮಡಕೆಗಳು ಹೋಗುತ್ತಿದ್ದುದು ಕಳ್ಳಿನ ಗಡಂಗಿಗೆ. ಗಡಂಗಿನ ದಾರಿ ಹಿಡಿದರೆ ಕಾಲು ಮುರಿಯುವೆನೆಂದು ಅಪ್ಪ ಹೇಳಿದ್ದ. ಮಗ ಹಿಡಿದಿರಲಿಲ್ಲ. ಕಳ್ಳಿನವನ ಮಗನಾಗಿಯೂ ಅವನು ಕಂಡದ್ದು ಬೆಲ್ಲದ ಮಡಕೆಯನ್ನು ಮಾತ್ರ. ಒಂದೇ ಮರ, ಒಂದೇ ರಸ. ಪಾತ್ರೆಯ ಒಳಗೋಡೆಗೆ ಏನು ತಾಗಿದೆಯೆಂಬುದರ ಮೇಲೆ ಒಂದು ಬೆಲ್ಲ, ಒಂದು ಕಳ್ಳು. ಅವನಿಗೆ ಸೋತದ್ದರ ಬೇಸರಕ್ಕಿಂತ ತಿಳಿದದ್ದರ ಖುಷಿಯೇ ಹೆಚ್ಚಾಯಿತು. ಇನ್ನೊಂದು ಪಾತ್ರೆ ಬೇಕು, ಇನ್ನೊಂದು ನೋಡಬೇಕು ಎಂದು ಮನಸ್ಸು ಕುಣಿಯಿತು.

ಇತ್ತ ಬತ್ಹಾದಲ್ಲಿ ಅವನ ಸುಳ್ಳಿಗೆ ಕಾಲು ಮೂಡಿತ್ತು. ಮೂಸಬ್ಬ ಗಲ್ಲಿಗೆಲ್ಲ ಹೇಳಿಬಿಟ್ಟಿದ್ದರು. ಪಕ್ಕದ ಗಡಿಯಾರ ರಿಪೇರಿಯ ಭಟ್ಕಳದ ಸಾದುಲ್ಲಾ ಉಗ್ಗಪ್ಪನನ್ನು ಕಂಡೊಡನೆ ಕೇಳುವನು:

"ಎಲ್ಲಿ ನಿಮ್ಮ ಉಪ್ಪಿನಕಾಯಿ? ಬರೀ ಪಾತ್ರೆ ಹೋಗ್ತದೆ, ಒಂದು ಹೋಳು ಬರುದಿಲ್ಲ. ಪಾತ್ರೆಯನ್ನೇ ತಿಂತೀರಾ?"

"ಹಾಳಾಯ್ತು ಸಾದುಲ್ಲಾ ಭಾಯಿ," ಎನ್ನುವನು ಉಗ್ಗಪ್ಪ. ಅದಂತೂ ನಿಜ.

ಮೂಸಬ್ಬ ವೈದ್ಯರಂತೆ ವಿಚಾರಿಸಿದರು. "ನೊರೆ ಬಂತಾ?"

"ಬಂತು."

"ಹುಳಿ ವಾಸನೆ?"

"ಮೊದಲ ಸಲ ಬಂತು. ಈ ಸಲ ಎಂತದೂ ಬರ್ಲಿಲ್ಲ."

"ಪಾತ್ರೆಯದ್ದೇ ದೋಷ. ನಿನ್ನ ಕೈಯದ್ದಲ್ಲ. ನಿಲ್ಲು."

ಅವರು ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಇಳಿಸಿದರು. ಬಿಚ್ಚಿದರೆ ಭರಣಿ. ಮೇಲರ್ಧ ಜೇನುಬಣ್ಣ, ಕೆಳಗರ್ಧ ಬಿಳಿ, ಒಳಗೂ ಹೊರಗೂ ಕನ್ನಡಿಯಂತೆ ಹೊಳೆಯುವ ಮೆರುಗು. ಉಗ್ಗಪ್ಪನ ಬೆರಳು ತಡೆಯಲಿಲ್ಲ. ಟಕ್. ಅಂಥ ದನಿಯನ್ನು ಅವನು ಆ ಊರಿಗೆ ಬಂದ ಮೇಲೆ ಕೇಳಿರಲಿಲ್ಲ. ಗುಡಿಯ ಗಂಟೆಯ ಮರಿ ನಿದ್ದೆಯಲ್ಲಿ ಮಾತಾಡಿದ ಹಾಗೆ.

"ಇದು ಮಾರುದಕ್ಕೆ ಅಲ್ಲ," ಎಂದರು ಮೂಸಬ್ಬ. "ನಮ್ಮ ಮನೆಯವಳದ್ದು, ಖತೀಜಮ್ಮನದ್ದು. ಹಜ್ಜಿಗೆ ಬರುವಾಗ ಬೊಂಬಾಯಿಯಿಂದ ಹಡಗಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದದ್ದು. ತುಂಬ ಉಪ್ಪಿನ ಮಾವಿನಕಾಯಿ. ಅರಫಾದ ಬಯಲಿನಲ್ಲಿ ನಮ್ಮ ಊರಿನವರು ಎಷ್ಟು ಜನ ಇದ್ದರೋ ಅಷ್ಟೂ ಜನ ಗಂಜಿಗೆ ಇದರದ್ದೇ ಹೋಳು ನೆಂಚಿಕೊಂಡದ್ದು. ಹೋಗುವಾಗ ನಿಮಗೆ ಬೇಕಾಗ್ತದೆ ಅಂತ ನನಗೆ ಬಿಟ್ಟು ಹೋದ್ಲು. ನನಗೆ ಹಾಕ್ಲಿಕ್ಕೆ ಬರುದಿಲ್ಲ. ನೀನು ತೆಕ್ಕೊಂಡು ಹೋಗಿ ಹಾಕು. ಆದದ್ದರಲ್ಲಿ ಒಂದು ಕುಪ್ಪಿ ನನಗೆ ಕೊಡು, ಆಯ್ತಾ?"

ಉಗ್ಗಪ್ಪ ಬೇಡವೆನ್ನಬೇಕಿತ್ತು. ಆ ದನಿ ಇನ್ನೂ ಬೆರಳಿನಲ್ಲಿತ್ತು. ಕೈ ಚಾಚಿದ.

ಬಸ್ಸಿನಲ್ಲಿ ಭರಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದ. ದಪ್ಪ ಗೋಡೆ, ಒಳಗೆ ತಂಪು ನಿಲ್ಲುತ್ತದೆ. ಬೆಳಕು ಹೋಗುವುದಿಲ್ಲ. ಹುಳಿ ಅದನ್ನು ತಿನ್ನಲಾರದು. ವಾಸನೆ ಹಿಡಿಯುವುದಿಲ್ಲ, ಮೂಗು ಒಳಗಿಟ್ಟು ನೋಡಿದ, ಅಷ್ಟು ವರ್ಷ ಮಾವಿನಕಾಯಿ ತುಂಬಿದ್ದ ಭರಣಿಯಲ್ಲಿ ಮಾವಿನಕಾಯಿಯ ಗಾಳಿ ಕೂಡ ಇಲ್ಲ. ಇಷ್ಟು ದಿನ ಹುಡುಕಿದ್ದು ಇದನ್ನೇ.

ಪಂಪಿನ ಸಾಹೇಬ ನೋಡಿದವನೇ ಶಿಳ್ಳೆ ಹೊಡೆದ. ತನ್ನ ಅಜ್ಜಿಯ ಮನೆಯಲ್ಲೂ ಇಂಥದರಲ್ಲೇ ಹಾಕುತ್ತಿದ್ದರೆಂದ. ರಸ ಸಿದ್ಧವಿದೆ, ಮಧ್ಯಾಹ್ನ ತೊಳೆದು ತಾ ಎಂದ.

ಉಗ್ಗಪ್ಪ ಕೋಣೆಯ ಹಿಂದಿನ ನಲ್ಲಿಯ ಹತ್ತಿರ ಕೂತು ತೊಳೆಯತೊಡಗಿದ. ಅದೇ ಕೋಣೆಯ ಕೊರಗಪ್ಪ, ಮೂಲ್ಕಿಯ ಎಲೆಕ್ಟ್ರಿಷಿಯನ್, ಬನಿಯನ್ನಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೆ ಕಥೆಯೆಲ್ಲ ಗೊತ್ತು.

"ಎಂತ ಉಗ್ಗಪ್ಪಣ್ಣ, ಮಗುವಿಗೆ ಮೀಯಿಸಿದ ಹಾಗೆ ಮೀಯಿಸ್ತಿದ್ದೀರಿ?"

"ಇದು ಮೂಸಾಕನ ಮನೆಯದ್ದು."

"ಇದ್ರೆ ಎಂತಾಯ್ತು? ಪಾತ್ರೆಗೆ ಎಂತ ಜಾತಿ, ಎಂತ ಧರ್ಮ ಮಾರಾಯ್ರೆ? ಬಿಯರು ಹಾಕಿ, ಆಮೇಲೆ ತೊಳೆದು ಒಂದು ಕಿಲೋ ಉಪ್ಪಿನಕಾಯಿ ಅಂಗಡಿಯಿಂದ ತಂದು ತುಂಬಿಸಿ ಕೊಡಿ. ಅವರಿಗೆ ಹೇಗೆ ಗೊತ್ತಾಗ್ತದೆ?"

"ಗೊತ್ತಾಗುದಿಲ್ಲ," ಎಂದ ಉಗ್ಗಪ್ಪ.

ಹೇಳಿದ ಮಾತು ತನ್ನ ಕಿವಿಗೇ ಬಿದ್ದು ಅವನ ಕೈ ನಿಂತಿತು. ಗೊತ್ತಾಗುವುದಿಲ್ಲ. ಮೂಸಾಕ ಕುಪ್ಪಿ ತೆರೆಯುತ್ತಾರೆ, ಬಿಸ್ಮಿಲ್ಲಾ ಎಂದು ಹೋಳೊಂದನ್ನು ಬಾಯಿಗಿಡುತ್ತಾರೆ, ಉಗ್ಗಪ್ಪ ಹಾಕಿದ್ದು ನೋಡು ಎಂದು ಸಾದುಲ್ಲಾನಿಗೂ ಕೊಡುತ್ತಾರೆ. ಇಷ್ಟು ದಿನ ಅವರ ಕಿವಿಗೆ ಸುಳ್ಳು ಹಾಕಿದ್ದ. ಇನ್ನು ಬಾಯಿಗೆ ಹಾಕಬೇಕು.

ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ಒಮ್ಮೆ ಹಾಕಿ ನೋಡಿದರೆ? ಒಮ್ಮೆ, ಹೇಗೆ ಆಗುತ್ತದೆಂದು ತಿಳಿಯಲು? ಈ ಗೋಡೆಯೊಳಗೆ ಆ ಸದ್ದು ಹೇಗೆ ಕೇಳೀತು? ಭರಣಿಯ ಬಾಯಿಗೆ ಕಿವಿಯಿಟ್ಟ. ಖಾಲಿ ಭರಣಿ ಸಮುದ್ರದ ಹಾಗೆ ಮೊರೆಯುತ್ತಿತ್ತು. ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ಒರೆಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಗಂಟು ಬಿಗಿದ.

"ಹಾಕುದಿಲ್ವಾ?" ಎಂದ ಕೊರಗಪ್ಪ.

"ಇಲ್ಲ."

"ಹುಚ್ಚು ನಿಮಗೆ."

ಸಾಹೇಬ ಗಲಾಟೆ ಮಾಡಲಿಲ್ಲ. ಭುಜ ಕುಣಿಸಿ, ಬರೀ ಒಂದು ಜಾಡಿ ತಾನೇ ಎಂದ, ಹಳೆಯ ಪೀಪಾಯಿಗೇ ರಸ ಹೊಯ್ದ.

ಮರುವಾರ ಅಂಗಡಿಯಲ್ಲಿ ಗಿರಾಕಿಗಳು ಸರಿಯುವುದನ್ನೇ ಕಾದು, ಉಗ್ಗಪ್ಪ ಭರಣಿಯನ್ನು ಕಟ್ಟೆಯ ಮೇಲಿಟ್ಟ.

"ಇಷ್ಟು ಬೇಗ ಆಯ್ತಾ?" ಎಂದು ಮೂಸಬ್ಬ ಗಂಟಿಗೆ ಕೈ ಹಾಕಿದರು.

"ಖಾಲಿ ಉಂಟು ಮೂಸಾಕ. ಉಪ್ಪಿನಕಾಯಿ ಅಲ್ಲ ಅದು."

"ಎಂತ ಅಲ್ಲ?"

"ಯಾವುದೂ ಅಲ್ಲ. ಪೀಪಾಯಿ, ಹೂಜಿ, ಯಾವುದೂ ಉಪ್ಪಿನಕಾಯಿಗೆ ಅಲ್ಲ. ಕಾಂಪೌಂಡಿನ ಸಾಹೇಬನ ಬಿಯರಿಗೆ."

ಮೂಸಬ್ಬ ಒಮ್ಮೆ ರಸ್ತೆಯ ಕಡೆ ನೋಡಿದರು. "ಇನ್ನೂ ಜೋರು ಹೇಳು. ಆ ಮೂಲೆಯಲ್ಲಿ ಪೊಲೀಸಿನವ ನಿಂತಿದ್ದಾನೆ, ಅವನಿಗೆ ಕೇಳ್ಲಿಲ್ಲ." ದನಿ ತಗ್ಗಿತ್ತು. "ನೀನು ಕುಡಿತಿಯಾ?"

"ಇಲ್ಲ."

"ಮತ್ತೆ ಎಂತಕ್ಕೆ ಸಾಯ್ಲಿಕ್ಕೆ?"

"ನೋಡ್ಲಿಕ್ಕೆ."

"ಎಂತ ನೋಡ್ಲಿಕ್ಕೆ?"

"ಯಾವ ಪಾತ್ರೆಯಲ್ಲಿ ಹೇಗೆ ಆಗ್ತದೆ ಅಂತ."

ಮೂಸಬ್ಬ ಗಂಟು ಬಿಚ್ಚಿದರು. ಭರಣಿಯ ಬಾಯಿಗೆ ಮೂಗಿಟ್ಟು ಉಸಿರೆಳೆದರು. ಒಮ್ಮೆ, ಮತ್ತೊಮ್ಮೆ. "ಇದರಲ್ಲಿ ಹಾಕಿದ್ದೀಯಾ?"

"ಇಲ್ಲ ಮೂಸಾಕ. ಅಮ್ಮನ ಆಣೆ..."

"ಆಣೆ ಬೇಡ. ಉಪ್ಪಿನಕಾಯಿ ಅಂತ ಹೇಳುವಾಗ ನೀನು ಆಣೆ ಹಾಕ್ಲಿಲ್ಲ, ಆದ್ರೂ ನಾನು ನಂಬಿದೆ. ಈಗ ಆಣೆ ಹಾಕಿದ್ರೆ ನಂಬ್ಲಿಕ್ಕೆ ಆಗ್ತದಾ?"

ಅಲ್ಲಿ ಉಗ್ಗಪ್ಪ ಸಿಕ್ಕಿಬಿದ್ದ. ಪ್ಲಾಸ್ಟಿಕ್ ಆಗಿದ್ದರೆ ಹಾಕಿದ್ದನ್ನು ವಾಸನೆಯೇ ಹೇಳುತ್ತಿತ್ತು, ಹಾಕದ್ದನ್ನು ವಾಸನೆಯಿಲ್ಲದಿರುವುದೇ ಹೇಳುತ್ತಿತ್ತು. ಮಣ್ಣಾಗಿದ್ದರೆ ಕಲೆ ಹೇಳುತ್ತಿತ್ತು. ಈ ಭರಣಿ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಹಾಕಿ ತೊಳೆದಿದ್ದರೂ ಹೀಗೆಯೇ ಹೊಳೆಯುತ್ತಿತ್ತು, ಹಾಕದೆ ತಂದರೂ ಹೀಗೆಯೇ ಹೊಳೆಯುತ್ತದೆ. ಅದನ್ನು ಒಳ್ಳೆಯ ಪಾತ್ರೆ ಮಾಡಿದ ಗುಣವೇ ಅವನ ಪರವಾಗಿ ಒಂದು ಸಾಕ್ಷಿ ಹೇಳದೆ ಕೂತಿತ್ತು.

"ಪಾತ್ರೆಯ ಮಾತು ಬಿಡು," ಎಂದರು ಮೂಸಬ್ಬ ನಿಧಾನಕ್ಕೆ. "ಎಂತದೇ ಹಾಕಿರ್ಲಿ, ತೊಳೆದ್ರೆ ಶುದ್ಧ ಆಗ್ತದೆ. ನಮ್ಮ ಧರ್ಮದ ಆ ಮಸಲೆ, ಆ ನಿಯಮ ನನಗೆ ಗೊತ್ತುಂಟು. ನಿನ್ನ ನಾಲಿಗೆಯನ್ನು ಯಾವ ಸಾಬೂನಿನಲ್ಲಿ ತೊಳೆಯುದು ಹೇಳು."

ಅಸರ್ ನಮಾಜಿನ ಬಾಂಗು ಕೇಳಿತು. ಗಲ್ಲಿಯುದ್ದಕ್ಕೂ ಶಟರುಗಳು ಒಂದರ ಹಿಂದೊಂದು ಗಡಗಡ ಇಳಿದವು. ಮೂಸಬ್ಬನೂ ಇಳಿಸಿ, ಅವನ ಕಡೆ ನೋಡದೆ ಮಸೀದಿಗೆ ನಡೆದರು. ಉಗ್ಗಪ್ಪ ಹೊರಗೆ ಮೆಟ್ಟಿಲ ಮೇಲೆ ಭರಣಿಯನ್ನು ತಬ್ಬಿಕೊಂಡು ಕೂತ. ಬಿಸಿಲಿಗೆ ಅದು ಕಾಯದಿರಲೆಂದು ತನ್ನ ನೆರಳಿಗೆ ಎಳೆದುಕೊಂಡ.

ತಿರುಗಿ ಬಂದ ಮೂಸಬ್ಬ ಭರಣಿಯನ್ನು ಎತ್ತಿಕೊಂಡು ಒಳಗಿಟ್ಟರು. "ಮಂಗಳವಾರ ಇಕಾಮಾಕ್ಕೆ ಕಫೀಲ್ ಕರೆದಿದ್ದಾನೆ. ಬಾ."

"ನೀವು ಹೊಣೆ ನಿಲ್ತೀರಾ ಮೂಸಾಕ?"

"ಅಲ್ಲಿ ಕೇಳು."

ಉಗ್ಗಪ್ಪ ಕೋಣೆಗೆ ಬಂದವನೇ ಪೆಟ್ಟಿಗೆಗೆ ಬಟ್ಟೆ ತುಂಬಿದ. ಹೊಣೆ ಇಲ್ಲವೆಂದರೆ ವಿಮಾನ ಹತ್ತಬೇಕು. ಹೊಣೆಯೆಂದರೆ ಮೂಸಬ್ಬ ತನ್ನ ತಲೆಯನ್ನು ಮತ್ತೊಮ್ಮೆ ಇವನ ಕೈಗೆ ಕೊಡಬೇಕು. ಯಾವುದನ್ನು ಬಯಸುವುದೆಂದೇ ಅವನಿಗೆ ತಿಳಿಯಲಿಲ್ಲ.

ಮಂಗಳವಾರ ಅಬ್ದುಲ್ ರಹ್ಮಾನನ ಮಜ್ಲಿಸಿನಲ್ಲಿ, ಅತಿಥಿಗಳು ಕೂರುವ ಕೋಣೆಯಲ್ಲಿ, ನೆಲದ ಮೇಲಿನ ದಿಂಬುಗಳಿಗೆ ಒರಗಿ ಕೂತರು. ಅರಬರ ಕಾಫಿ ಗಹ್ವಾ ಬಂತು, ಖರ್ಜೂರ ಬಂತು. ಕಫೀಲ್ ಉಣೈಜಾದ ತನ್ನ ತೋಟದ ಸುದ್ದಿ ಹೇಳಿದ, ಮೂಸಬ್ಬನ ಮೊಣಕಾಲು ನೋವು ವಿಚಾರಿಸಿದ. ಆಮೇಲೆ ಉಗ್ಗಪ್ಪನ ಕಡೆ ಗದ್ದ ತೋರಿಸಿದ.

"ಈ ಮನುಷ್ಯನಿಗೆ ನೀನು ಹೊಣೆಯಾ?"

ಮೂಸಬ್ಬನ ಅಂಗೈ ಎದೆಗೆ ಹೋಗಲಿಲ್ಲ. ಗಹ್ವಾದ ಬಟ್ಟಲನ್ನು ನೋಡುತ್ತಿದ್ದರು.

"ಕಾಂಪೌಂಡಿನಲ್ಲಿದ್ದರೆ ನಾನು ಹೊಣೆಯಲ್ಲ," ಎಂದರು ಮೂಸಬ್ಬ, ತಮ್ಮ ಒರಟು ಅರಬ್ಬಿಯಲ್ಲಿ.

ಕಫೀಲ್ ನೆಟ್ಟಗೆ ಕೂತ. "ಯಾಕೆ? ಏನು ಮಾಡಿದ?"

ಇನ್ನು ಮುಗಿಯಿತು ಎಂದುಕೊಂಡ ಉಗ್ಗಪ್ಪ. ಮೂಸಬ್ಬ ಸುಳ್ಳು ಹೇಳುವವರಲ್ಲ. ನಿಜ ಹೇಳಿದರೆ ತನ್ನ ಗತಿ ಏನೆಂದು ಮಜ್ಲಿಸಿನ ಗೋಡೆಗಳಿಗೂ ಗೊತ್ತು.

"ಪಾತ್ರೆ ಕಂಡರೆ ಕೆಲಸ ಮರೆಯುತ್ತಾನೆ," ಎಂದರು ಮೂಸಬ್ಬ. "ಬಡಿದು ಬಡಿದು ಕೇಳುತ್ತಾನೆ. ಅಂಥವನು ನಲ್ಲಿಯ ಕೆಲಸಕ್ಕೆ ಸಲ್ಲ. ನನಗೂ ಮೊಣಕಾಲು ಹೋಗಿದೆ, ಮೇಲಿನ ಹಲಗೆಗೆ ಹತ್ತಲಾಗುವುದಿಲ್ಲ. ಇವನನ್ನು ಅಂಗಡಿಗೆ ಹಾಕಿ. ನನ್ನ ಕಣ್ಣೆದುರು ಇದ್ದರೆ ಹೊಣೆ."

ಆಗ ಅಂಗೈ ಎದೆಗೆ ಹೋಯಿತು.

ಕಫೀಲ್ ನಕ್ಕ. ಕಾಂಪೌಂಡಿಗೆ ಬೇರೆಯವನನ್ನು ಕಳಿಸುತ್ತೇನೆ, ಖಲಾಸ್ ಎಂದ.

ಮರಳುವಾಗ ಕಫೀಲನ ಪಿಕಪ್ಪಿನ ಹಿಂದೆ ಇಬ್ಬರೂ ಕೂತಿದ್ದರು. ಉಗ್ಗಪ್ಪನಿಗೆ ಇನ್ನು ಕಾಂಪೌಂಡಿನ ಎಸಿ ಕೋಣೆಯಿಲ್ಲ. ಅಂಗಡಿಯ ಅಟ್ಟದಲ್ಲಿ, ಹಂಡೆಗಳ ನಡುವೆ ಮಲಗಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೂಸಬ್ಬನ ಬಾಯಿ ಕೇಳಬೇಕು. ಅವರು ಅವನನ್ನು ನಂಬಿದ್ದಾರೋ, ನಂಬುವುದಿಲ್ಲವೆಂದೇ ಹತ್ತಿರ ಇಟ್ಟುಕೊಂಡಿದ್ದಾರೋ, ಕೇಳುವ ಧೈರ್ಯವಾಗಲಿಲ್ಲ. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು.

"ಅಲ್ಲ ಉಗ್ಗಪ್ಪ," ಎಂದರು ಮೂಸಬ್ಬ ಇದ್ದಕ್ಕಿದ್ದಂತೆ, ರಸ್ತೆಯನ್ನೇ ನೋಡುತ್ತ.

"ಎಂತ ಮೂಸಾಕ?"

"ಆ ಭರಣಿಯಲ್ಲಿ ನೀನು ಹಾಕ್ಲಿಲ್ಲ. ಅದು ಸರಿ." ಗಡ್ಡ ನೇವರಿಸಿಕೊಂಡರು. "ಹಾಕಿದ್ರೆ ಒಳ್ಳೆದಾಗ್ತಿತ್ತಾ?"

ಉಗ್ಗಪ್ಪ ಅವರ ಮುಖ ನೋಡಿದ. ಅವರು ಇವನ ಮುಖ ನೋಡಲಿಲ್ಲ.

"ಆಗ್ತಿತ್ತು ಅಂತ ಕಾಣ್ತದೆ ಮೂಸಾಕ. ಭಾರೀ ಒಳ್ಳೆದಾಗ್ತಿತ್ತು."

"ಥೂ," ಎಂದರು ಮೂಸಬ್ಬ. "ನಾನು ಕೇಳ್ಲೇಬಾರದಿತ್ತು." ಆಮೇಲೆ ಮತ್ತೆ ಅವರೇ ಕೇಳಿದರು: "ಯಾಕೆ? ಗೋಡೆ ದಪ್ಪ ಅಂತವಾ, ಮೆರುಗು ಅಂತವಾ?"